ತಟ್ಟೆ ಮಗುಚಿ ನೋಡುವವನ ದಿನಕ್ಕೊಂದು ಅಕ್ಷರ

ಊಟಕ್ಕೆ ಕೂತ ಕೂಡಲೇ ತಟ್ಟೆಯನ್ನು ಮಗುಚಿ ನೋಡುವ ಚಾಳಿ ನನಗಿದೆ. ಕೊಳೆ ಇದೆಯೇ ಎಂದು ನೋಡುವುದಲ್ಲ, ಹೆಸರು ನೋಡುವುದು. ನಮ್ಮ ಕಡೆ ಪಾತ್ರೆ ಎಂದಮೇಲೆ ಅದರ ಮೇಲೊಂದು ಹೆಸರು ಇರಲೇಬೇಕು. ಕೊಂಡವರದೋ, ಮದುವೆಗೆ ಉಡುಗೊರೆ ಕೊಟ್ಟವರದೋ, ಅಂತೂ ಯಾರದಾದರೂ. ಆ ಹೆಸರು ಈ ಮನೆಯವರದೇ ಹೌದೋ, ಇಲ್ಲಾ ಬೇರೆ ಮನೆಯ ತಟ್ಟೆ ಇಲ್ಲಿ ಬಂದು ಸೇರಿಕೊಂಡಿದೆಯೋ ಎಂದು ಖಾತ್ರಿಯಾಗದೆ ನನ್ನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ನೆಂಟರ ಮನೆಯಲ್ಲಿ ಹೀಗೆ ಮಾಡಿದಾಗ ನನ್ನ ಹೆಂಡತಿ ಸರೋಜ ಮೊಣಕೈಯಲ್ಲಿ ತಿವಿಯುತ್ತಾಳೆ. ಅಷ್ಟರಲ್ಲಿ ನಾನು ಓದಿ ಮುಗಿಸಿರುತ್ತೇನೆ.

ನೀವು ನಗಬಹುದು. ಆದರೆ ಪರರ ತಟ್ಟೆಗಳು ಮನೆಯೊಳಗೆ ಹೇಗೆ ಬರುತ್ತವೆ ಎಂದು ಯೋಚಿಸಿ ನೋಡಿ. ಹಬ್ಬದ ದಿನ ಪಕ್ಕದ ಮನೆಯವರು ತಟ್ಟೆಯಲ್ಲಿ ಒಬ್ಬಟ್ಟು ಹಾಕಿ ಕಳಿಸುತ್ತಾರೆ. ಬರೀ ತಟ್ಟೆ ವಾಪಸ್ಸು ಕೊಡುವ ಹಾಗಿಲ್ಲ, ಏನಾದರೂ ಹಾಕಿಯೇ ಕೊಡಬೇಕು. ಏನು ಹಾಕುವುದೆಂದು ತೋಚುವವರೆಗೆ ತಟ್ಟೆ ನಮ್ಮಲ್ಲೇ ಇರುತ್ತದೆ. ತೋಚುವ ಹೊತ್ತಿಗೆ ಅದು ಯಾರ ಮನೆಯದು ಎಂಬುದೇ ಮರೆತುಹೋಗಿರುತ್ತದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಒಬ್ಬರ ಮನೆಯಲ್ಲೂ ಪೂರ್ತಿ ಅವರದೇ ಪಾತ್ರೆಗಳಿಲ್ಲ ಎಂದು ನಾನು ಬರೆದುಕೊಡಬಲ್ಲೆ. ನಮ್ಮ ಮನೆ ಒಂದನ್ನು ಬಿಟ್ಟು. ನಮ್ಮಲ್ಲಿ ಪರರ ಒಂದು ಚಮಚವೂ ಇಲ್ಲ ಎಂಬುದು ನನ್ನ ಹೆಮ್ಮೆ.

ಅನುಮಾನ ನನ್ನ ಹುಟ್ಟುಗುಣವೋ, ಕೆಲಸದಿಂದ ಅಂಟಿದ್ದೋ ಹೇಳಲಾರೆ. ಎರಡು ವರ್ಷದ ಹಿಂದೆ ನಿವೃತ್ತನಾಗುವ ತನಕ ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಸಹಿ ನೋಡುವುದು ನನ್ನ ಕೆಲಸ. ಚೆಕ್ಕಿನ ಸಹಿಯನ್ನೂ, ಖಾತೆ ತೆರೆದ ದಿನ ಹಾಕಿದ ಮಾದರಿ ಸಹಿಯನ್ನೂ ಅಕ್ಕಪಕ್ಕ ಇಟ್ಟು, ಕನ್ನಡಕವನ್ನು ಹಣೆಗೇರಿಸಿ, ಇದು ಇವರದೇ ಹೌದು ಅಥವಾ ಅಲ್ಲ ಎಂದು ತೀರ್ಪು ಕೊಡುತ್ತಿದ್ದೆ. ಒಮ್ಮೆ ಮಾಕಳಿದುರ್ಗದ ಕಡೆಯ ಮುದುಕರೊಬ್ಬರು ಬಂದರು. ಅವರ ಸಹಿ ಕಾರ್ಡಿನ ಸಹಿಗೆ ತಾಳೆಯಾಗಲಿಲ್ಲ. ಇನ್ನೊಂದು ಸಲ ಹಾಕಿ ಎಂದೆ. ಹಾಕಿದರು. ಮತ್ತೊಂದು ಸಲ ಎಂದೆ. ಏಳನೇ ಸಲಕ್ಕೆ ಅವರು ಪೆನ್ನು ಕೆಳಗಿಟ್ಟು, “ಸ್ವಾಮಿ, ಆವಾಗ ಕೈಯಾಗೆ ಕಸುವಿತ್ತು, ಈಗ ನಡುಗ್ತದೆ. ಕೈ ಮಾತ್ರ ಅದೇ ಕಣಪ್ಪಾ” ಎಂದರು. ಎಂಟನೇ ಸಲ ಹಾಕಿಸಿಕೊಂಡು ಒಪ್ಪಿಕೊಂಡೆ. ಆ ದಿನ ನನಗೆ ನನ್ನ ಕೆಲಸದ ಬಗ್ಗೆ ಬಹಳ ತೃಪ್ತಿಯಾಗಿತ್ತು ಎಂದು ಈಗ ಹೇಳಲು ಸಂಕೋಚವಾಗುತ್ತದೆ.

ಇಂಥ ನನ್ನನ್ನು ‘ದಿನಕ್ಕೊಂದು ಅಕ್ಷರ’ ಎಂಬ ವಾಟ್ಸಾಪ್ ಗುಂಪಿಗೆ ಸೇರಿಸಿದವಳು ಸಹನ, ಸರೋಜಳ ತಮ್ಮನ ಮಗಳು. ದೇವನಹಳ್ಳಿಯ ಒಂದು ಶಾಲೆಯಲ್ಲಿ ಚಿತ್ರಕಲೆಯ ಟೀಚರು. ದೀಪಾವಳಿಗೆ ಬಂದವಳು ನನ್ನ ಫೋನನ್ನು ನನ್ನ ಕೈಯಿಂದಲೇ ತೆಗೆದುಕೊಂಡು ಏನೇನೋ ಒತ್ತಿ ವಾಪಸ್ಸು ಕೊಟ್ಟಳು.

“ನಲವತ್ತೊಂಬತ್ತು ದಿನ ಮಾವ. ದಿನಾ ಬೆಳಿಗ್ಗೆ ಒಂದಕ್ಷರ ಕಳಿಸ್ತೀನಿ. ಅದನ್ನ ನಿಮಗೆ ಹೆಂಗೆ ಬೇಕೋ ಹಂಗೆ ಅಂದವಾಗಿ ಬರೆದು ಫೋಟೋ ತೆಗೆದು ಹಾಕ್ಬೇಕು. ಅಷ್ಟೇ.”

“ಯಾಕೆ?”

“ಯಾಕೆ ಅಂದ್ರೆ? ಸುಮ್ನೆ. ಖುಷಿಗೆ.”

“ಖುಷಿ ಯಾರಿಗೆ?”

“ನಿಮಗೇ ಮಾವ!”

ನನಗೆ ಖುಷಿಯಾಗಲಿ ಎಂದು ಯಾರೋ ನಲವತ್ತೊಂಬತ್ತು ದಿನ ಬೆಳಿಗ್ಗೆ ಎದ್ದು ಕಷ್ಟಪಡುತ್ತಾರೆ ಎಂಬುದನ್ನು ನಂಬುವವನು ನಾನಲ್ಲ. ಗುಂಪಿನಲ್ಲಿ ಯಾರ್ಯಾರಿದ್ದಾರೆ ಎಂದು ನೋಡಿದೆ. ನೆಲಮಂಗಲದ ಒಬ್ಬ ಔಷಧಿ ಅಂಗಡಿಯವರು, ಹೆಸರಿನ ಜಾಗದಲ್ಲಿ ಬರೀ ಹೂವಿನ ಚಿತ್ರ ಹಾಕಿಕೊಂಡಿದ್ದ ಒಬ್ಬರು, ಉಳಿದವರು ಯಾರೋ ಏನೋ. ಇವರೆಲ್ಲರ ಮುಂದೆ ನನ್ನ ಕೈಬರಹವನ್ನು ಒಂದೊಂದಾಗಿ, ಅ ಇಂದ ಳ ತನಕ, ಬಿಡಿಬಿಡಿಯಾಗಿ ಒಪ್ಪಿಸಿಬಿಟ್ಟರೆ ಆಮೇಲೆ ಉಳಿಯುವುದೇನು? ನಲವತ್ತೊಂಬತ್ತನೇ ದಿನಕ್ಕೆ ಅವರು ನನ್ನ ಹೆಸರಿನಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು. ನಕಲಿ ಸಹಿ ಹೇಗೆ ಹುಟ್ಟುತ್ತದೆ ಎಂದು ಬಲ್ಲ ನನಗೇ ಈ ಬಲೆಯೇ ಎಂದುಕೊಂಡೆ.

ಅಕ್ಷರ ಬರುವ ಕ್ರಮವೂ ಸರಿಯಿರಲಿಲ್ಲ. ಮೊದಲ ದಿನ ಅ ಬರಬೇಕಲ್ಲ, ರ ಬಂತು. ಮರುದಿನ ಮ. ಅದರ ಮರುದಿನ ಉ. ಫೋನು ಮಾಡಿ ಕೇಳಿದರೆ, “ಮಜಾ ಇರ್ಲಿ ಅಂತ ಮಾವ, ನಾಳೆ ಯಾವುದು ಅಂತ ಗೊತ್ತಾಗಬಾರ್ದು” ಎಂದಳು. ಗೊತ್ತಾಗಬಾರದು ಎನ್ನುವುದು ನನ್ನಂಥವನಿಗೆ ಸಮಾಧಾನ ಕೊಡುವ ಮಾತೇ?

ಹಾಗೆಂದು ಬಿಟ್ಟುಬಿಡಲೂ ಮನಸ್ಸಾಗಲಿಲ್ಲ. ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ಬಹಳ ಉದ್ದ. ಆಗ ಒಂದು ಉಪಾಯ ಹೊಳೆಯಿತು. ಅಕ್ಷರ ಕಳಿಸಬೇಕು ತಾನೆ? ನನ್ನದೇ ಅಕ್ಷರ ಆಗಬೇಕೆಂದು ಯಾರೂ ಹೇಳಿಲ್ಲವಲ್ಲ. ಮನೆಯ ತುಂಬ ಪಾತ್ರೆ, ಪಾತ್ರೆಯ ತುಂಬ ಹೆಸರು. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಸೀಸದಕಡ್ಡಿಯಿಂದ ಉಜ್ಜಿ, ಕಾಗದದ ಮೇಲೆ ನಾಣ್ಯ ಮೂಡಿದ್ದನ್ನು ಕಂಡು ಕುಣಿಯುತ್ತಿದ್ದೆವಲ್ಲ, ಹಾಗೆಯೇ ಪಾತ್ರೆಯ ಹೆಸರನ್ನು ಉಜ್ಜಿ ತೆಗೆದು, ಆ ದಿನದ ಅಕ್ಷರಕ್ಕೆ ಸುತ್ತು ಹಾಕಿ ಕಳಿಸಿದರಾಯಿತು. ಅಕ್ಷರ ಹೋಗುತ್ತದೆ, ಕೈಬರಹ ಮನೆಯಲ್ಲೇ ಉಳಿಯುತ್ತದೆ. ಸರೋಜ ಇಡ್ಲಿಪಾತ್ರೆ ಹುಡುಕುತ್ತಾ ಬಂದಾಗ ನಾನು ಅದನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು ಉಜ್ಜುತ್ತಿದ್ದೆ.

“ಬೆಳ್ಳಂಬೆಳಿಗ್ಗೆ ಇದೇನ್ರೀ?”

“ಭದ್ರತೆ,” ಎಂದೆ.

ಬಾಕಿ ಉಳಿದಿದ್ದ ಮೂರಕ್ಷರವನ್ನೂ ಸೇರಿಸಿ ಹಾಕಿದ ಮೊದಲ ದಿನವೇ ಹದಿನಾಲ್ಕು ಜನ ಹೃದಯದ ಚಿತ್ರ ಒತ್ತಿದರು. ಒತ್ತಿದವರ ಪೈಕಿ ಒಬ್ಬರೂ ನನಗೆ ಗೊತ್ತಿಲ್ಲ. ಹೂವಿನ ಚಿತ್ರದವರಂತೂ ನಾನು ಫೋಟೋ ಹಾಕಿದ ನಿಮಿಷದೊಳಗೆ ಒತ್ತುತ್ತಿದ್ದರು. ಒಂದು ನಿಮಿಷದಲ್ಲಿ ಯಾರಾದರೂ ಒಂದಕ್ಷರವನ್ನು ಸರಿಯಾಗಿ ನೋಡಲು ಸಾಧ್ಯವೇ? ನಾನು ಬ್ಯಾಂಕಿನಲ್ಲಿ ಒಂದು ಸಹಿಗೆ ಕಡಿಮೆಯೆಂದರೆ ಎರಡು ನಿಮಿಷ ತೆಗೆದುಕೊಳ್ಳುತ್ತಿದ್ದೆ.

ಎಲ್ಲ ಅಕ್ಷರಗಳೂ ಪಾತ್ರೆಯ ಮೇಲೆ ಸಿಗುವುದಿಲ್ಲ. ಠ ಬಂದ ದಿನ ಗಾಬರಿಯಾಗಿ, ಕೊನೆಗೆ ಶ್ರೀಕಂಠಯ್ಯ ಎಂಬುವವರು ನಮ್ಮ ಮದುವೆಗೆ ಕೊಟ್ಟ ಜಗ್ಗಿನ ಮೇಲೆ ಸಿಕ್ಕಿತು. ಞ ಬಂದ ದಿನ ಮಾತ್ರ ಮನೆಯೆಲ್ಲ ಜಾಲಾಡಿದರೂ ಇಲ್ಲ. ಯಾವ ಹೆಸರೂ ಇಲ್ಲದ ಒಂದು ಮುಚ್ಚಳವನ್ನು ಉಜ್ಜಿ, ‘ಈ ಅಕ್ಷರ ನಮ್ಮ ಅಡುಗೆಮನೆಯಲ್ಲಿ ಇಲ್ಲ’ ಎಂದು ಟೈಪು ಮಾಡಿ ಕಳಿಸಿದೆ. ಅವತ್ತು ಬಂದಷ್ಟು ಹೃದಯಗಳು ಬೇರೆ ಯಾವತ್ತೂ ಬರಲಿಲ್ಲ. ಏನೂ ಇಲ್ಲದ್ದಕ್ಕೆ ಇಷ್ಟು ಮೆಚ್ಚುಗೆ ಬಂದರೆ ಅನುಮಾನ ಪಡದೆ ಏನು ಮಾಡಲಿ?

ಸಹನಳಿಗೆ ಅವಳದೇ ಆದ ನಿಯಮಗಳಿದ್ದವು. ದಿನಾ ಒಂದೇ ಹೊತ್ತಿಗೆ ಕೂರಬೇಕು. ಹತ್ತು ನಿಮಿಷ ಸಾಕು, ಆದರೆ ಬಿಡಬಾರದು. ಕೆಟ್ಟದ್ದನ್ನು ಹರಿದು ಹಾಕಬಾರದು. ಇವನ್ನೆಲ್ಲ ನಾನು ಸಹಿಸಿಕೊಂಡೆ. ಇನ್ನೊಂದು ನಿಯಮವನ್ನು ಮೂವತ್ತು ದಿನದ ತನಕ ಪಾಲಿಸಿರಲಿಲ್ಲ. ಒಂದು ಭಾನುವಾರ ಅವಳೇ ಫೋನು ಮಾಡಿ ಬೆನ್ನು ಹತ್ತಿದಳು.

“ದಿನಾ ಬರೆಯೋದು ಅರ್ಧ ಕೆಲಸ ಮಾವ. ಎಲ್ಲಾ ಒಟ್ಟಿಗೆ ಹರಡ್ಕೊಂಡು ನೋಡೋದು ಇನ್ನರ್ಧ. ಒಂದೊಂದೇ ನೋಡಿದ್ರೆ ಏನೂ ಕಾಣ್ಸಲ್ಲ.”

ಒಂದೊಂದೇ ನೋಡಿ ಜೀವನ ಮಾಡಿದವನಿಗೆ ಹೇಳುವ ಮಾತು ನೋಡಿ. ಮಧ್ಯಾಹ್ನ ಊಟವಾದ ಮೇಲೆ, ಅವಳ ಬಾಯಿ ಮುಚ್ಚಿಸಲೆಂದೇ, ಮೂವತ್ತು ಕಾಗದಗಳನ್ನೂ ಮಂಚದ ಮೇಲೆ ಹರಡಿದೆ.

ನಾನು ಪ್ರತಿ ಹೆಸರನ್ನೂ ಪೂರ್ತಿ ಉಜ್ಜಿ ತೆಗೆದಿದ್ದೆ, ಆದರೆ ಆಯಾ ದಿನದ ಅಕ್ಷರವನ್ನಷ್ಟೇ ನೋಡಿದ್ದೆ. ಈಗ ಎಲ್ಲ ಹೆಸರುಗಳೂ ಒಟ್ಟಿಗೆ ಮಲಗಿದ್ದವು. ಅಂಗಡಿಯ ಮೆಷಿನ್ನಿನ ಅಕ್ಷರಗಳು ಒಂದು ಕಡೆ. ನಮ್ಮಪ್ಪನ ಕಾಲದ ಪಾತ್ರೆಗಳ ನೆಟ್ಟನೆಯ ಅಕ್ಷರಗಳು ಇನ್ನೊಂದು ಕಡೆ. ಇವೆರಡಕ್ಕೂ ಸೇರದೆ ಎರಡು ಕಾಗದಗಳು ಉಳಿದವು. ಒಂದು ನಮ್ಮಮ್ಮನ ತಂಬಿಗೆಯ ಮೇಲಿದ್ದ ‘ಗಿರಿಜಮ್ಮ’. ಇನ್ನೊಂದು ನನ್ನ ಚಿಕ್ಕಂದಿನ ಲೋಟದ ಹೆಸರು. ಎರಡರಲ್ಲೂ ಅಕ್ಷರದ ತಲೆಯ ಮೇಲಿನ ಗುಡಿಸು, ಆ ದುಂಡನೆಯ ಸುತ್ತು, ಹಪ್ಪಳದಷ್ಟು ದೊಡ್ಡದಾಗಿತ್ತು. ಅದರ ನಟ್ಟನಡುವೆ ಒಂದು ಚುಕ್ಕಿ. ಸುತ್ತಿನೊಳಗೆ ಚುಕ್ಕಿಯಿಟ್ಟರೆ ಏನಾಗುತ್ತದೆ? ಕಣ್ಣಾಗುತ್ತದೆ. ಗಿ ಎಂಬ ಅಕ್ಷರ ನನ್ನನ್ನು ನೋಡುತ್ತಿತ್ತು. ರಿ ಕೂಡ.

ಆ ಕಣ್ಣನ್ನು ನಾನು ಹಿಂದೆ ಒಂದು ಕಡೆ ನೋಡಿದ್ದೆ. ನೋಡಿದ್ದು ಮಾತ್ರವಲ್ಲ, ಅದರ ಮೇಲೆ ತೀರ್ಪನ್ನೂ ಕೊಟ್ಟಿದ್ದೆ.

ಅದು ಹನ್ನೊಂದು ವರ್ಷದ ಹಿಂದಿನ ಮಾತು. ನನ್ನ ಅಕ್ಕ ಲಕ್ಷ್ಮೀದೇವಿ ಹೊಸಕೋಟೆ ತಾಲೂಕಿನ ಅನುಗೊಂಡನಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಳು. ಗಂಗೆ ಪೂಜೆಗೆ ಅವಳು ಹೊತ್ತು ತಂದ ಹಿತ್ತಾಳೆ ಕೊಡವನ್ನು ಕಂಡ ಕೂಡಲೇ ನನ್ನ ಕಣ್ಣು ಕಿರಿದಾಯಿತು. ನಮ್ಮಮ್ಮನ ಅಟ್ಟದ ಮೇಲೆ ಗೋಣಿತಾಟು ಸುತ್ತಿ ಇಟ್ಟಿದ್ದ ಕೊಡ ಅದು. ಅಮ್ಮ ತೀರಿಕೊಂಡ ಮೇಲೆ ಅಟ್ಟ ಹತ್ತಿ ನೋಡಿದರೆ ಇರಲಿಲ್ಲ. ಎಲ್ಲಿ ಹೋಯಿತೆಂದು ನಾನು ಮನಸ್ಸಿನಲ್ಲೇ ಕೊರಗಿದ್ದೆ, ಯಾರನ್ನೂ ಕೇಳಿರಲಿಲ್ಲ. ಪೂಜೆ ಮುಗಿದು ನೀರು ಬಗ್ಗಿಸಿದ ಮೇಲೆ ಕೊಡವನ್ನು ಎತ್ತಿ ತಿರುಗಿಸಿ ನೋಡಿದೆ. ‘ಲಕ್ಷ್ಮೀದೇವಿ’ ಎಂದಿತ್ತು. ಕೆಳಗೆ ‘ಘಾಟಿ’. ಮೀ, ವಿ, ಟಿ ಮೂರರ ತಲೆಯ ಮೇಲೂ ಕಣ್ಣು.

ಎಲೆ ಹಾಕಿದ್ದರು. ನೆಂಟರೆಲ್ಲ ಕೂತಿದ್ದರು. ನಾನು ಕನ್ನಡಕವನ್ನು ಹಣೆಗೇರಿಸಿ ಹೇಳಿದೆ: “ಇದು ಅಮ್ಮನ ಕೊಡ. ಹೆಸರು ಈಚೆಗೆ ಹಾಕ್ಸಿರೋದು. ನಮ್ಮನೆ ಪಾತ್ರೆ ಅಕ್ಷರ ಯಾವುದೂ ಹಿಂಗಿಲ್ಲ. ಗುಡಿಸಿನೊಳಗೆ ಚುಕ್ಕಿ ಯಾರಿಡ್ತಾರೆ? ನನಗೆ ಗೊತ್ತಾಗಲ್ವಾ? ದಿನಾ ಇದೇ ನೋಡೋನು ನಾನು.”

ಅಕ್ಕ ಕೊಡವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಅವಳು ಸುಮ್ಮನಿದ್ದುದೇ ಒಪ್ಪಿಕೊಂಡ ಹಾಗೆ ಎಂದು ನಾನು ಲೆಕ್ಕ ಹಾಕಿದೆ. ಆಮೇಲೆ ಹನ್ನೊಂದು ವರ್ಷ ಅವಳು ನಮ್ಮ ಮನೆಗೆ ಬಂದದ್ದುಂಟು. ನಾಮಕರಣಕ್ಕೆ, ಗೌರಿಗೆ, ನನ್ನ ನಿವೃತ್ತಿಯ ದಿನಕ್ಕೆ. ಬಂದು, ಕುಂಕುಮ ಇಟ್ಟುಕೊಂಡು, ಒಂದು ಗಳಿಗೆ ಕೂತು ಹೊರಡುವಳು. ಏಳಕ್ಕಾ ಊಟಕ್ಕೆ ಎಂದರೆ, “ಊಟ ಆಯ್ತು” ಎನ್ನುವಳು. ಬೆಳಿಗ್ಗೆ ಒಂಬತ್ತಕ್ಕೂ ಅದೇ ಮಾತು. ನಮ್ಮ ಮನೆಯಲ್ಲಿ ಅವಳು ಒಂದು ತುತ್ತು ಬಾಯಿಗಿಡಲಿಲ್ಲ. ನಾನೂ ಬಲವಂತ ಮಾಡಲಿಲ್ಲ, ತಪ್ಪು ಮಾಡಿದವರಿಗೆ ಹಾಗೇ ಅಳುಕು ಇರುತ್ತದೆ ಎಂದುಕೊಂಡು.

ಈಗ ಮಂಚದ ಮೇಲೆ ಅದೇ ಕಣ್ಣು. ಮೊದಲಿಗೆ ನನ್ನ ಬುದ್ಧಿ ಕೊರೆದವನ ಕಡೆಗೆ ಹೋಯಿತು. ಒಬ್ಬನೇ ಕೊರೆದಿರಬೇಕು, ಅವನ ಚಟವಿದು ಎಂದುಕೊಂಡೆ. ಆಮೇಲೆ ಲೋಟದ ಕಾಗದವನ್ನು ಇನ್ನೊಮ್ಮೆ ಓದಿದೆ. ಆ ಲೋಟದಲ್ಲಿ ನಾನು ದಿನಾ ಕಾಫಿ ಕುಡಿಯುತ್ತೇನೆ, ಓದಿರಲಿಲ್ಲ ಅಷ್ಟೆ. ‘ಶಿವಕುಮಾರ ೪ನೇ ತರಗತಿ’ ಎಂದಿತ್ತು.

ಲೋಟದ ಮೇಲೆ ತರಗತಿ ಬರೆಯುವ ಪೆದ್ದ ಯಾರಿರಬಹುದು ಹೇಳಿ? ನೋಟುಪುಸ್ತಕದ ಮೇಲೆ ಹಾಗೆ ಬರೆದು ಬರೆದು ಅಭ್ಯಾಸವಾಗಿದ್ದ ಹುಡುಗ ಮಾತ್ರ.

ಆಗ ಎಲ್ಲ ನೆನಪಾಯಿತು. ಬೀದಿಯಲ್ಲಿ “ಪಾತ್ರೆಗೆ ಹೆಸರೂ...” ಎಂದು ಕೂಗುತ್ತಾ ಬರುತ್ತಿದ್ದ ಮುದುಕ, ಅವನ ಪುಟ್ಟ ಸುತ್ತಿಗೆ, ಚೂಪು ಉಳಿ, ಪಾತ್ರೆಯ ಕೆಳಗೆ ಹಾಸುವ ಹಳೇ ಗೋಣಿ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಮನೆಯವರು ಪಾತ್ರೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟರೆ, ಆ ಗೆರೆಯ ಮೇಲೆಯೇ ಚುಕ್ಕಿ ಚುಕ್ಕಿಯಾಗಿ ಕೊರೆದು, ಒದ್ದೆ ಬಟ್ಟೆಯಲ್ಲಿ ಸುಣ್ಣ ಒರೆಸಿ ಕೊಡುತ್ತಿದ್ದ. ಬರೆದವರ ಕೈ ಹೇಗಿದೆಯೋ ಹಾಗೇ. ನಮ್ಮ ಮನೆಯಲ್ಲಿ ಬರೆಯುವವರು ಅಪ್ಪ. ಅವತ್ತು ಅಪ್ಪ ಊರಲ್ಲಿರಲಿಲ್ಲ. ಅಮ್ಮನಿಗೆ ಬರೆಯಲು ಬಾರದು. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಹರಕೆ ತೀರಿಸಿ, ಬರುವಾಗ ಅಕ್ಕನ ಮದುವೆಗೆಂದು ಕೊಡ ತಂದಿದ್ದಳು. ಅಕ್ಕನಿಗೆ ಇನ್ನೂ ಹದಿನೈದು. “ಶಿವಾ, ಅವಳ ಹೆಸರು ಬರಿ, ಕೆಳಗೆ ಘಾಟಿ ಅಂತ ಬರಿ. ಸ್ವಾಮಿ ಹೆಸರು ಹೇಳಿ ತಂದಿದ್ದು” ಎಂದಳು. ನಾನು ಜಗಲಿಯ ಮೇಲೆ ಬೋರಲು ಮಲಗಿ, ನಾಲಗೆ ಹೊರಗಿಟ್ಟು ಬರೆದೆ. ತಂಬಿಗೆಗೆ ಅಮ್ಮನ ಹೆಸರು ಬರೆದೆ. ಉಳಿದ ಸೀಮೆಸುಣ್ಣದಲ್ಲಿ, ಯಾರೂ ಹೇಳದೆ, ನನ್ನ ಲೋಟಕ್ಕೂ ಬರೆದುಕೊಂಡೆ. ಮುದುಕ ತರಗತಿಯನ್ನೂ ಬಿಡದೆ ಕೊರೆದ.

ಕಣ್ಣು ಇಡುತ್ತಿದ್ದವನು ನಾನೇ. ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಂಡಿ, “ಅಕ್ಷರಕ್ಕೆ ಯಾಕೋ ಕಣ್ಣಿಟ್ಟಿದ್ದೀಯ?” ಎಂದು ಕೇಳಿದಾಗ, “ನೋಡ್ಲಿ ಅಂತ ಸಾರ್” ಎಂದಿದ್ದೆ. ಅದಾದ ಮೇಲೆ ಬಿಟ್ಟೆ. ಬಿಟ್ಟಿದ್ದನ್ನೇ ಮರೆತೆ. ಮೂವತ್ತು ವರ್ಷ ಊರವರ ಕೈಬರಹ ಗುರುತು ಹಿಡಿದವನು ನನ್ನ ಕೈಬರಹವನ್ನೇ ನಕಲಿ ಎಂದಿದ್ದೆ. ಅದೂ ಅಕ್ಕನ ಹೊಸ ಮನೆಯಲ್ಲಿ, ಎಲೆಯ ಮುಂದೆ ಕೂತ ನೆಂಟರ ಎದುರಿಗೆ. ನನಗೆ ನಾಚಿಕೆಯಾಯಿತು. ಮಂಚದ ಮೇಲೆ ಕೂರಲು ಜಾಗವಿಲ್ಲದೆ ನೆಲದ ಮೇಲೆ ಕೂತೆ.

ಸರೋಜಳಿಗೆ ಹೇಳಲಿಲ್ಲ. ಎರಡು ದಿನ ಅಕ್ಕನಿಗೆ ಫೋನು ಮಾಡಲು ಎತ್ತಿಕೊಂಡು ಎತ್ತಿಕೊಂಡು ಇಟ್ಟೆ. ಮೂರನೇ ದಿನ ಬೆಳಿಗ್ಗೆ ಫೋನು ಟಿಂಗ್ ಎಂದಿತು. ಇಂದಿನ ಅಕ್ಷರ: ಘ.

ನಾನು ಅಡುಗೆಮನೆಯ ಕಡೆ ನೋಡಿದೆ. ಸರೋಜ ಒಲೆಯ ಮುಂದೆ, ನನ್ನ ಕಡೆ ತಿರುಗದೆ, ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು.

“ಘ ನಮ್ಮನೇಲಿಲ್ಲ ಅಲ್ವಾ?” ಎಂದಳು.

“ಇವತ್ತು ಘ ಅಂತ ನಿನಗೆ ಹೆಂಗೆ ಗೊತ್ತು?”

“ನಾನೂ ಗುಂಪಲ್ಲಿದ್ದೀನಲ್ರೀ, ಸಹನ ಕೊಡಿಸಿದ ಹೊಸ ನಂಬರಲ್ಲಿ. ಹೂವಿನ ಚಿತ್ರ ನಾನೇ.”

ಒಂದು ತಿಂಗಳು ಆ ಹೂವಿನ ಮೇಲೆ ನಾನು ಪಟ್ಟ ಅನುಮಾನ ನೆನೆದು ಫೋನನ್ನು ಬೋರಲು ಹಾಕಿದೆ. ಅವಳು ರವೆ ಕೆದಕುತ್ತಾ ಹೇಳಿದಳು: “ಘ ಇರೋದು ನಿಮ್ಮಕ್ಕನ ಕೊಡದ ಮೇಲೆ. ಅವರೂರಿಗೆ ಹೋಗೋಕೆ ದೇವನಹಳ್ಳಿ ಬಸ್ಸು ಎಂಟೂಕಾಲಿಗಿದೆ.”

ಮುಚ್ಚಳ ಉಜ್ಜಿ ಕಳಿಸಿದರೆ ಹೇಗೆ ಎಂದು ಒಂದು ಸಲ ಅನಿಸಿತು. ಮುಚ್ಚಳವನ್ನು ಕೈಗೂ ತೆಗೆದುಕೊಂಡೆ. ಆದರೆ ಇಲ್ಲದ ಅಕ್ಷರಕ್ಕೆ ಬರೀ ಮುಚ್ಚಳ ಕಳಿಸಿದ್ದು ನಿಜ ಹೇಳಿದ ಹಾಗೆ. ಇರುವ ಅಕ್ಷರಕ್ಕೆ ಕಳಿಸಿದರೆ ಸುಳ್ಳು. ಮುಚ್ಚಳವನ್ನು ಕೆಳಗಿಟ್ಟು, ಲೋಟವನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಚೀಲದೊಳಗೆ ಆಗಲೇ ಕಾಗದ, ಸೀಸದಕಡ್ಡಿ, ಬಾಳೆಹಣ್ಣು ಇದ್ದವು. ನಾನಿಟ್ಟದ್ದಲ್ಲ. ಇಡೀ ಕಾರ್ಯಕ್ರಮವೇ ಅತ್ತೆ ಸೊಸೆಯರ ಪಿತೂರಿಯೇ ಎಂದು ದೇವನಹಳ್ಳಿ ದಾಟಿ ಸೂಲಿಬೆಲೆ ಬರುವ ತನಕ ಯೋಚಿಸಿದೆ. ಸಹನಳಿಗೆ ‘ಘ ಅಕ್ಷರ ಆರಿಸಿದ್ದು ಯಾರು?’ ಎಂದು ಬರೆದು ಕೇಳಿದರೆ ನಗುವ ಮುಖವೊಂದನ್ನು ಕಳಿಸಿದಳು. ಅದು ಉತ್ತರವಲ್ಲ ಎಂಬುದು ಈಗಲೂ ನನ್ನ ಅಭಿಪ್ರಾಯ.

ಅಕ್ಕ ಮನೆಯ ಮುಂದಿನ ಬಿಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಭಾವ ತೋಟಕ್ಕೆ ಹೋಗಿದ್ದರು. ನನ್ನನ್ನು ನೋಡಿ ಅವಳ ಕೈ ನಿಂತಿತು, ಮತ್ತೆ ನಡೆಯಿತು.

“ಏನಪ್ಪಾ, ದಾರಿ ತಪ್ಪಿ ಬಂದ್ಯಾ?”

“ಒಂದಕ್ಷರ ಬೇಕಾಗಿತ್ತಕ್ಕ.”

“ಏನು?”

“ಘ.”

ಅವಳು ನನ್ನ ಮುಖವನ್ನೇ ನೋಡಿದಳು. “ಸರೋಜಂಗೆ ಗೊತ್ತಾ? ಡಾಕ್ಟ್ರಿಗೆ ತೋರಿಸಿದ್ಯಾ?”

ನಾನು ಪಕ್ಕದಲ್ಲಿ ಕೂತು ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದೆ. ಕೈಗೆ ಸೊಗಡು ಹತ್ತಿತು. ಕೈ ಕೆಲಸ ಮಾಡುತ್ತಿದ್ದರೆ ಬಾಯಿಗೆ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಕೊನೆಗೆ ಲೋಟ ತೆಗೆದು ಅವಳ ಮುಂದಿಟ್ಟೆ. ಅವಳು ಎತ್ತಿ, ದೂರ ಹಿಡಿದು ಓದಿದಳು.

“ನಾಲ್ಕನೇ ತರಗತಿ,” ಎಂದಳು. “ಇದಿನ್ನೂ ಐತಾ?”

“ಅಕ್ಕ, ಕೊಡದ ಮೇಲೆ ಬರೆದಿದ್ದು ನಾನೇ ಅಂತ ನಿನಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಕೊಡ ಉರುಳದಂಗೆ ಹಿಡ್ಕೊಂಡು ಕೂತಿದ್ದೋಳು ನಾನೇ. ಕೈ ನೋವು ಬೇಗ ಬರಿಯೋ ಅಂದ್ರೆ, ತಾಳು, ಕಣ್ಣಿಡಬೇಕು ಅಂದೆ.”

“ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?”

ಅವಳು ಎರಡು ಕಾಯಿ ಸುಲಿದಳು. ಕಾಳು ಮೊರದೊಳಗೆ ಬಿತ್ತು.

“ನೀನು ಕೇಳ್ಲಿಲ್ವಲ್ಲೋ. ಕೇಳಿದ್ರೆ, ಅಮ್ಮ ಸಾಯೋಕೆ ಮುಂಚೆ ಕೈಯಾರೆ ಕೊಟ್ಟಿದ್ದು ಅಂತ ಹೇಳ್ತಿದ್ದೆ. ನೀನು ಕೇಳ್ಲಿಲ್ಲ, ತೀರ್ಪು ಹೇಳ್ದೆ.” ಇನ್ನೊಂದು ಕಾಯಿ ಎತ್ತಿಕೊಂಡಳು. “ಬ್ಯಾಂಕಿಗೆ ಬಂದ ಯಾರೋ ಮುದುಕಪ್ಪಂಗೆ ಎಂಟು ಸಲ ಸೈನ್ ಹಾಕಿಸ್ದೆ ಅಂತ ನೀನೇ ಹೇಳಿ ನಗ್ತಿದ್ದೆ. ಅವನಿಗೆ ಎಂಟು ಸಲ ಕೊಟ್ಟೆ. ನನಗೆ ಒಂದ್ಸಲಾನೂ ಕೊಡ್ಲಿಲ್ಲ.”

ನಾನು ಸಿಪ್ಪೆಯನ್ನು ಮೊರಕ್ಕೂ ಕಾಳನ್ನು ಸಿಪ್ಪೆಯ ಬುಟ್ಟಿಗೂ ಹಾಕುತ್ತಿದ್ದೆ.

“ತಪ್ಪಾಯ್ತಕ್ಕ,” ಎಂದೆ. ಹನ್ನೊಂದು ವರ್ಷದ ತಪ್ಪಿಗೆ ಅದು ತೀರ ಚಿಕ್ಕ ಮಾತು. ಅವಳು ಆಯಿತು ಎನ್ನಲಿಲ್ಲ, ಹೋಗಲಿ ಬಿಡು ಎನ್ನಲಿಲ್ಲ. “ಕೊಡ ಸಜ್ಜೆ ಮೇಲೈತೆ. ನೀನೇ ಹತ್ತಿ ಇಳಿಸ್ಕೋ, ನನಗೆ ಮಂಡಿ ನೋವು” ಎಂದಳು.

ಸ್ಟೂಲು ಹಾಕಿ ಹತ್ತಿದೆ. ಕೊಡಕ್ಕೆ ಗೋಣಿತಾಟು ಸುತ್ತಿತ್ತು. ಗೃಹಪ್ರವೇಶದ ದಿನವಾದ ಮೇಲೆ ಅವಳು ಅದನ್ನು ಬಳಸಿಯೇ ಇರಲಿಲ್ಲ. ಕೆಳಗಿಳಿಸಿ ಕಾಗದವಿಟ್ಟೆ. ಕೊಡ ಉರುಳುತ್ತಿತ್ತು. ಅಕ್ಕ ಬಂದು, ನೆಲದ ಮೇಲೆ ಕೂರಲಾರದೆ ಕೂತು, ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಉಜ್ಜಿದೆ. ಘಾ ಬಂತು, ಆಮೇಲೆ ಟಿ ಬಂತು, ಅದರ ತಲೆಯ ಮೇಲೆ ಕಣ್ಣು ಬಂತು. ನನ್ನ ಕಣ್ಣು ಮಂಜಾಗಿತ್ತು. ಅಕ್ಕ, “ಬೇಗ ಮುಗ್ಸೋ, ಕೈ ನೋಯ್ತದೆ” ಎಂದಳು.

ಮಧ್ಯಾಹ್ನ ಅವರೆಕಾಳು ಸಾರು, ಮುದ್ದೆ ಬಡಿಸಿದಳು. ತಟ್ಟೆಯ ಅಂಚಿಗೆ ನನ್ನ ಕೈ ತಾನಾಗಿಯೇ ಹೋಯಿತು. ಹೋದ ಕೈಯನ್ನು ಎಳೆದುಕೊಂಡು ಮುದ್ದೆ ಮುರಿದೆ. ಹೊರಡುವಾಗ ನಮ್ಮ ಮನೆಗೆ ಬಾ ಎಂದೆ. ನೋಡೋಣ ಎಂದಳು. ಆ ನೋಡೋಣದ ಮೇಲೆ ನನಗೆ ಹದಿನೈದು ದಿನ ನಂಬಿಕೆಯಿರಲಿಲ್ಲ.

ಸಹನಳ ಕೊನೆಯ ನಿಯಮ, ಎಲ್ಲ ಮುಗಿದ ದಿನ ಅಕ್ಷರಗಳನ್ನು ಗೋಡೆಗೆ ಅಂಟಿಸಿ ಒಬ್ಬರನ್ನಾದರೂ ಕರೆದು ತೋರಿಸಬೇಕು ಎಂದು. ನಾನು ಅಕ್ಕನಿಗೆ ಫೋನು ಮಾಡಿದೆ. ನಲವತ್ತೊಂಬತ್ತನೇ ದಿನ ಅವಳು ಬಂದಳು. ನಡುಮನೆಯ ಗೋಡೆಯ ಮುಂದೆ ನಿಂತು, ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಒಂದೊಂದನ್ನೂ ನಿಧಾನವಾಗಿ ನೋಡಿದಳು. ಘ ಅಕ್ಷರದ ಮುಂದೆ ತುಸು ಹೆಚ್ಚು ಹೊತ್ತು ನಿಂತಳು. ಸರೋಜ ಕುಂಕುಮದ ಬಟ್ಟಲು ತಂದಳು. ಅಕ್ಕ ಹಣೆಗಿಟ್ಟುಕೊಂಡಳು. ಇನ್ನು ಹೊರಡುತ್ತಾಳೆ ಎಂದು ನಾನು ಬಾಗಿಲ ಕಡೆ ನೋಡಿದೆ.

“ಊಟಕ್ಕೆ...” ಎಂದೆ.

ಅಕ್ಕ ಹೋಗಿ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಸರೋಜ ಓಡಿಹೋಗಿ ಕೈಗೆ ಸಿಕ್ಕ ತಟ್ಟೆ ತಂದಿಟ್ಟಳು. ಅಕ್ಕ ತಟ್ಟೆಯನ್ನು ಎತ್ತಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಮಗುಚಿ ಹಿಡಿದಳು. ಕಿಟಕಿಯ ಬೆಳಕಿಗೆ ಓರೆ ಮಾಡಿ ಓದಿದಳು.

“ಭಾಗ್ಯಮ್ಮ,” ಎಂದಳು. “ಯಾರೋ ಇದು ಭಾಗ್ಯಮ್ಮ?”

ಸರೋಜ ನಾಲಗೆ ಕಚ್ಚಿಕೊಂಡಳು. “ಅಯ್ಯೋ, ಹಿಂದಿನ ಬೀದಿಯವ್ರದು. ಯುಗಾದಿಗೆ ಒಬ್ಬಟ್ಟು ಹಾಕ್ಕೊಟ್ಟಿದ್ರು. ಬರೀ ತಟ್ಟೆ ಹೆಂಗೆ ಕೊಡೋದು ಅಂತ ಇಟ್ಕೊಂಡಿದ್ದೆ...”

ಅಕ್ಕ ನನ್ನ ಕಡೆ ತಿರುಗಿದಳು. ಕನ್ನಡಕ ಇನ್ನೂ ಹಣೆಯ ಮೇಲೇ ಇತ್ತು. ಯುಗಾದಿ ಕಳೆದು ಒಂಬತ್ತು ತಿಂಗಳಾಗಿತ್ತು. ನಾನು ತಲೆ ತಗ್ಗಿಸಿದೆ.

“ಯಾರದು ಅಂತ ನಾನು ಕೇಳ್ದೆ, ಸರೋಜ ಹೇಳಿದ್ಲು. ಆಯ್ತಲ್ಲ,” ಎಂದು ಅವಳು ತಟ್ಟೆಯನ್ನು ನೆಟ್ಟಗೆ ಇಟ್ಟಳು. “ಬಡಿಸಮ್ಮ ಸರೋಜ, ಹಸಿವಾಗ್ತದೆ.”

ಹನ್ನೊಂದು ವರ್ಷದ ಮೇಲೆ ನನ್ನ ಅಕ್ಕ ನಮ್ಮ ಮನೆಯಲ್ಲಿ ಉಂಡಳು, ಭಾಗ್ಯಮ್ಮನವರ ತಟ್ಟೆಯಲ್ಲಿ.